ಸಹ್ಯಾದ್ರಿ ನಮ್ಮ ಡಬ್ಬ್ಯಾಗ ಇತ್ತೇನು?

ನಾನು ಏನು ಕೆಲಸ ಮಾಡುತ್ತೇನೆ ಅಂತ ಊರಲ್ಲಿ ಯಾರಾದರೂ ಕೇಳಿದರೆ ಅವ್ವನ ಉತ್ತರ ಒಂದೇ: "ಟಿವಿ ಕಂಪನ್ಯಾಗ ಅದಾನ್ರಿ." ಇದರಿಂದ ಏನಾಗಿದೆ ಅಂದರೆ, ದೀಪಾವಳಿಗೆ ನಾನು ಊರು ಮುಟ್ಟುವ ಹೊತ್ತಿಗೆ ಓಣಿಯ ಐದಾರು ರಿಮೋಟುಗಳು ನಮ್ಮ ಕಟ್ಟೆಯ ಮೇಲೆ ಬಂದು ಕೂತಿರುತ್ತವೆ. ಹೊಸ ಸೆಲ್ ಹಾಕಿದರೆ ಅರ್ಧ ರಿಮೋಟು ಸರಿಹೋಗುತ್ತವೆ. ಉಳಿದರ್ಧ ನನ್ನಿಂದ ಆಗುವುದಿಲ್ಲ. "ಬೆಂಗಳೂರಾಗ ಏನ್ ಮಾಡ್ತಾನೋ ಏನೋ" ಅಂತ ಗೊಣಗುತ್ತಾ ಅವುಗಳ ಮಾಲೀಕರು ವಾಪಸ್ ಒಯ್ಯುತ್ತಾರೆ.

ಬೆಂಗಳೂರಲ್ಲಿ ನಾನು ಮಾಡುವುದು ಪಟ್ಟಿ ಓದುವ ಕೆಲಸ. ಹಾಗಂದರೆ ನಿಮಗೆ ನಗು ಬರಬಹುದು, ಆದರೆ ಸಂಬಳ ಬರುವುದು ಇದಕ್ಕೇ. ಸೆಟ್‌ಟಾಪ್ ಬಾಕ್ಸಿಗೆ ಬರುವ ಡಿಜಿಟಲ್ ಸ್ಟ್ರೀಮಿನಲ್ಲಿ ಚಿತ್ರ, ಧ್ವನಿಯ ಜೊತೆಗೆ ಒಂದಿಷ್ಟು ಟೇಬಲ್‌ಗಳೂ ಬರುತ್ತವೆ. ಯಾವ ಚಾನೆಲ್ ಎಲ್ಲಿದೆ, ಅದರ ಹೆಸರೇನು, ಭಾಷೆ ಯಾವುದು, ಈಗ ಏನು ನಡೆದಿದೆ, ಮುಂದೇನು, ಈಗ ಸಮಯ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಟಿವಿ ನೋಡುವವರ ಕಣ್ಣಿಗೆ ಇವು ಬೀಳುವುದಿಲ್ಲ. ಆದರೆ ಇವುಗಳಲ್ಲಿ ಒಂದು ಅಂಕಿ ತಪ್ಪಿದರೂ ಚಾನೆಲ್ ಇದ್ದೂ ಇಲ್ಲದಂತೆ ಆಗುತ್ತದೆ. ಆ ಟೇಬಲ್‌ಗಳು ಸರಿಯಾಗಿ ಬಂದಿವೆಯೇ, ಬಾಕ್ಸು ಅವನ್ನು ಸರಿಯಾಗಿ ಅರ್ಥ ಮಾಡಿಕೊಂಡಿದೆಯೇ ಅಂತ ನೋಡುವುದು ನನ್ನ ಕೆಲಸ. ನಾನು ಬರೆಯಹೊರಟಿರುವ ಕಥೆಯಲ್ಲಿ ಟೇಬಲ್ ಸರಿಯಾಗಿಯೇ ಇತ್ತು. ತಪ್ಪಿದ್ದು ಅದನ್ನು ಓದುವ ಕೆಲಸದವನು.

ಮೊದಲು ಚೂರು ಪಾಠ. ಬೇಸರ ಮಾಡಿಕೊಳ್ಳಬೇಡಿ, ಬಸ್ ಸ್ಟ್ಯಾಂಡಿನ ಲೆಕ್ಕದಲ್ಲಿ ಹೇಳುತ್ತೇನೆ.

ಕೇಬಲ್ಲಿನಲ್ಲಿ ಬರುವ ಒಂದು ಸ್ಟ್ರೀಮಿನಲ್ಲಿ ಹತ್ತು ಹದಿನೈದು ಚಾನೆಲ್‌ಗಳು ಒಟ್ಟಿಗೇ ಕಲಸಿಕೊಂಡು ಬರುತ್ತವೆ. ಎಲ್ಲವನ್ನೂ 188 ಬೈಟುಗಳ ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ಒಂದರ ಹಿಂದೆ ಒಂದು ಓಡಿಸುತ್ತಾರೆ. ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಅಂದರೆ 25 ಸಾವಿರ ಪೊಟ್ಟಣ. ಪ್ರತಿ ಪೊಟ್ಟಣದ ಮೇಲೆ ಒಂದು ನಂಬರ್ ಇರುತ್ತದೆ, ಅದಕ್ಕೆ ಪಿಐಡಿ ಅನ್ನುತ್ತಾರೆ. 0ಯಿಂದ 8191ರವರೆಗೆ ಯಾವುದಾದರೂ ಆಗಿರಬಹುದು. ಬಾಕ್ಸಿಗೆ ಶುರುವಿನಲ್ಲಿ ಏನೂ ಗೊತ್ತಿರುವುದಿಲ್ಲ. ಅದು ಮೊದಲು ಹುಡುಕುವುದು 0 ನಂಬರಿನ ಪೊಟ್ಟಣವನ್ನು. ಅದರಲ್ಲಿರುವ ಟೇಬಲ್ಲಿಗೆ ಪ್ಯಾಟ್ ಅಂತ ಹೆಸರು. ಚಿಕ್ಕೋಡಿ ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿ ಇದ್ದ ಹಾಗೆ. "ಅಥಣಿ ಗಾಡಿ ಎಲ್ಲಿ ನಿಲ್ತೇತ್ರಿ?" ಅಂದರೆ "ಮೂರನೇದ್ರಾಗ" ಅನ್ನುತ್ತದೆ, ಅಷ್ಟೇ. ಆ ಮೂರನೇ ಪ್ಲಾಟ್‌ಫಾರ್ಮಿಗೆ ಹೋದರೆ ಪಿಎಂಟಿ ಅನ್ನುವ ಇನ್ನೊಂದು ಟೇಬಲ್ ಸಿಗುತ್ತದೆ. ಈ ಚಾನೆಲ್ಲಿನ ಚಿತ್ರ ಯಾವ ನಂಬರಿನ ಪೊಟ್ಟಣಗಳಲ್ಲಿದೆ, ಧ್ವನಿ ಯಾವುದರಲ್ಲಿದೆ, ಆ ಧ್ವನಿಯ ಭಾಷೆ ಯಾವುದು ಅಂತ ಅದು ಹೇಳುತ್ತದೆ. ಬಸ್ಸಿನ ಹಣೆಯ ಮೇಲಿನ ಬೋರ್ಡು, ಅಂದರೆ ಚಾನೆಲ್ಲಿನ ಹೆಸರು, 17ನೇ ನಂಬರಿನಲ್ಲಿ ಬರುತ್ತದೆ, ಅದು ಎಸ್‌ಡಿಟಿ. ಟೈಮ್‌ಟೇಬಲ್ಲು 18ರಲ್ಲಿ, ಅದು ಇಐಟಿ. ಸ್ಟ್ಯಾಂಡಿನ ಗೋಡೆ ಗಡಿಯಾರ 20ರಲ್ಲಿ. ಆ ಗಡಿಯಾರ ಗ್ರೀನಿಚ್ ಸಮಯ ತೋರಿಸುತ್ತದೆ, ಬಾಕ್ಸು ತಾನೇ ಐದೂವರೆ ತಾಸು ಕೂಡಿಸಿಕೊಳ್ಳಬೇಕು. ಇದನ್ನು ಕೂಡಿಸಲು ಮರೆತ ಒಂದು ಬಾಕ್ಸು ನನ್ನ ಟೇಬಲ್ ಮೇಲೆ ಎರಡು ದಿನ ಕೂತು ರಾತ್ರಿ ಎಂಟರ ವಾರ್ತೆಯನ್ನು ಮಧ್ಯಾಹ್ನ ಎರಡೂವರೆಗೆ ತೋರಿಸುತ್ತೇನೆ ಅಂತ ಹಠ ಹಿಡಿದಿತ್ತು.

ಭಾಷೆಯ ಮಾತು ಬಂದಿದ್ದರಿಂದ ಇನ್ನೊಂದು ಸಂಗತಿ. ಪ್ರತಿ ಧ್ವನಿಗೂ ಮೂರು ಅಕ್ಷರದ ಒಂದು ಭಾಷಾ ಗುರುತು ಇರುತ್ತದೆ. ಕನ್ನಡಕ್ಕೆ 'ಕೆ ಎ ಎನ್', ಮರಾಠಿಗೆ 'ಎಂ ಎ ಆರ್'. ಚಾನೆಲ್ಲಿನ ಹೆಸರು ಬರೆಯಲೂ ನಿಯಮ ಇದೆ. ಯುರೋಪಿನ ಭಾಷೆಗಳು, ಅರೇಬಿಕ್, ಹೀಬ್ರೂ, ಥಾಯ್ ಇವಕ್ಕೆಲ್ಲ ಅಕ್ಷರಕ್ಕೊಂದು ಬೈಟಿನ ಹಳೆಯ ಪಟ್ಟಿಗಳಿವೆ. ಕನ್ನಡಕ್ಕೆ ಅದಿಲ್ಲ. ಯೂನಿಕೋಡಿನಲ್ಲೇ ಬರೆಯಬೇಕು, ಹಾಗೆ ಬರೆದಿದ್ದೇವೆ ಅಂತ ಮೊದಲಿಗೆ ಒಂದು ಗುರುತಿನ ಬೈಟು ಬೇರೆ ಇಡಬೇಕು. ಇಂಗ್ಲಿಷಿನಲ್ಲಿ 'ಚಂದನ' ಎಂದು ಬರೆದರೆ 8 ಬೈಟು. ಕನ್ನಡದಲ್ಲಿ ಬರೆದರೆ 13. ಬೈಟಿಗೆ ಬರವಿಲ್ಲ, ಬರೆಯುವುದಕ್ಕೆ ಮನಸ್ಸಿಲ್ಲ ಅಷ್ಟೇ. ನಾನು ನೋಡಿದ ಸ್ಟ್ರೀಮುಗಳಲ್ಲಿ ಬಹುತೇಕ ಎಲ್ಲ ಹೆಸರುಗಳೂ ಇಂಗ್ಲಿಷಿನಲ್ಲೇ ಇರುತ್ತವೆ.

ಪಾಠ ಮುಗೀತು. ಈಗ ನಮ್ಮ ಸೀಮೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಬೆಳಗಾವಿ ಜಿಲ್ಲೆಯ ನಕ್ಷೆಯಲ್ಲಿ ಮೇಲ್ಗಡೆ ಮಹಾರಾಷ್ಟ್ರಕ್ಕೆ ಒತ್ತಿಕೊಂಡಿರುವ ತಾಲೂಕುಗಳು. ಬೆಂಗಳೂರಿನ ನನ್ನ ಗೆಳೆಯರಿಗೆ ಇದು "ಬೆಳಗಾವಿ ಹತ್ರ". ನಮಗೆ ಆಸ್ಪತ್ರೆಗೆ ಮಿರಜ್, ಬಟ್ಟೆಗೆ ಕೊಲ್ಹಾಪುರ ಇಲ್ಲಾ ಇಚಲಕರಂಜಿ, ಸರ್ಕಾರಿ ಕಾಗದಕ್ಕೆ ಮಾತ್ರ ಬೆಳಗಾವಿ. ನಮ್ಮನೆಯಲ್ಲಿ ಅಜ್ಜಿಗೆ ಆಯಿ ಅನ್ನುತ್ತೇವೆ, ಚಿಕ್ಕಮ್ಮನಿಗೆ ಮೌಶಿ, ಅತ್ತಿಗೆಗೆ ವೈನಿ. ಮನೆಯಲ್ಲಿ ಆಡುವುದು ಕನ್ನಡ. ಸಂತೆಯಲ್ಲಿ ಎದುರಿಗಿದ್ದವರು ಯಾವುದರಲ್ಲಿ ಶುರು ಮಾಡಿದರೆ ಅದು. ಆಯಿಗಂತೂ ತಾನು ಈಗ ಯಾವ ಭಾಷೆಯಲ್ಲಿ ಬೈಯುತ್ತಿದ್ದೇನೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ.

ಪಟ್ಟಿ ಮಾಡುವವರಿಗೆ ನಮ್ಮ ಸೀಮೆ ಯಾವತ್ತೂ ತಲೆನೋವು. 1956ರವರೆಗೆ ನಾವು ಮುಂಬೈ ರಾಜ್ಯದ ಪಟ್ಟಿಯಲ್ಲಿದ್ದೆವು, ಆಮೇಲೆ ಮೈಸೂರು ರಾಜ್ಯದ ಪಟ್ಟಿಗೆ ಬಂದೆವು. 1967ರಲ್ಲಿ ಮಹಾಜನ ಆಯೋಗ ಇನ್ನೊಂದು ಪಟ್ಟಿ ಮಾಡಿತು. 264 ಊರು ಆ ಕಡೆ, 247 ಊರು ಈ ಕಡೆ ಅಂತ. ನಿಪ್ಪಾಣಿ ಆ ಕಡೆಯ ಪಟ್ಟಿಯಲ್ಲಿತ್ತು. ಆ ಪಟ್ಟಿ ಜಾರಿಗೆ ಬರಲಿಲ್ಲ. ಅಥಣಿ, ನಿಪ್ಪಾಣಿಯ ಕಡೆ ಕೈಯಲ್ಲಿ ಹೊಲಿಯುವ ಚಪ್ಪಲಿ ನೀವು ಹಾಕಿಕೊಂಡಿರಬಹುದು. ಅದರ ಮೇಲಿರುವ ಹೆಸರು ಕೊಲ್ಹಾಪುರಿ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು ಅಂತ ಸುದ್ದಿಯಾದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ ಒಂದೇ ಪಟ್ಟಿಯಲ್ಲಿದ್ದವು. ಅಪರೂಪಕ್ಕೆ ಒಂದು ಪಟ್ಟಿ ನಮ್ಮನ್ನು ಇದ್ದಂತೆಯೇ ಬರೆದುಕೊಂಡಿತ್ತು.

ನಮ್ಮನೆ ಕೃಷ್ಣಾ ನದಿಯಿಂದ ನಾಲ್ಕು ಹೊಲ ಆಚೆ. ನಮ್ಮ ಕಡೆಯ ನದಿಗಳಿಗೆ ನೀರು ಬರುವುದು ಮಹಾರಾಷ್ಟ್ರದ ಘಟ್ಟದಿಂದ. ಕೊಯ್ನಾದಲ್ಲಿ 105 ಟಿಎಂಸಿಯ ಅಣೆಕಟ್ಟಿದೆ. ಅಲ್ಲಿ ಬಾಗಿಲು ತೆಗೆದರೆ ನೀರು ಕರಾಡ್ ದಾಟಿ, ಸಾಂಗ್ಲಿ ದಾಟಿ, ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಸಿಕೊಂಡು, ರಾಜಾಪುರ ಬ್ಯಾರೇಜಿನ ಮೇಲೆ ಹಾಯ್ದು ನಮ್ಮ ಕಡೆ ಇಳಿಯುತ್ತದೆ. ಕಲ್ಲೋಳದ ಹತ್ತಿರ ದೂಧಗಂಗಾ ಬಂದು ಸೇರುತ್ತದೆ. ಮಳೆಗಾಲದಲ್ಲಿ ಕಲ್ಲೋಳ-ಯಡೂರ ಸೇತುವೆ ಮುಳುಗುವುದು, ಕುಡಚಿ-ಉಗಾರ ಸೇತುವೆ ಮುಳುಗುವುದು ನಮಗೆ ಹೊಸದಲ್ಲ. ಅಪ್ಪನ ಹತ್ತಿರ ಇದಕ್ಕೆಲ್ಲ ಒಂದು ಲೆಕ್ಕ ಇತ್ತು. ಸಾಂಗ್ಲಿಯ ಅಯರ್ವಿನ್ ಸೇತುವೆಯ ಹತ್ತಿರ ನೀರು 45 ಅಡಿ ಆದರೆ ಅಪಾಯದ ಮಟ್ಟ. ಅಲ್ಲಿ ಇಷ್ಟಾದರೆ ನಮ್ಮ ಕೆಳಗಿನ ಹೊಲಕ್ಕೆ ಯಾವಾಗ, ದನದ ಕೊಟ್ಟಿಗೆಗೆ ಯಾವಾಗ ಅಂತ ಬೆರಳ ಮೇಲೆ ಹೇಳುತ್ತಿದ್ದ. ಆ ಅಡಿಯ ಅಂಕಿ ಅವನಿಗೆ ಸಿಗುತ್ತಿದ್ದುದು ಮರಾಠಿ ವಾರ್ತೆಯಲ್ಲಿ. ಅದಕ್ಕೇ ಆಗಸ್ಟ್ ತಿಂಗಳಲ್ಲಿ ನಮ್ಮನೆ ಟಿವಿ ಮರಾಠಿ ಮಾತಾಡುತ್ತಿತ್ತು. ಊಟದ ಹೊತ್ತಿಗೆ ಕನ್ನಡ ಧಾರಾವಾಹಿ, ಮಲಗುವ ಮುಂಚೆ ಸಾಂಗ್ಲಿಯ ಅಡಿ. ಚಿಕ್ಕವನಿದ್ದಾಗ ನನಗೆ ಇದು ಅಪ್ಪನ ಒಂದು ಚಟ ಅನ್ನಿಸುತ್ತಿತ್ತು, ಕ್ರಿಕೆಟ್ ಸ್ಕೋರ್ ಕೇಳುವವರ ಹಾಗೆ.

ಹಳ್ಳಿಗಳ ಕೇಬಲ್ಲನ್ನು ಡಿಜಿಟಲ್ ಮಾಡಲು ಸರ್ಕಾರ ಕೊಟ್ಟಿದ್ದ ಕೊನೆಯ ಗಡುವು 2017ರ ಮಾರ್ಚ್ 31. ಆ ಸುಮಾರಿಗೆ ನಮ್ಮನೆಗೂ ಡಬ್ಬಿ ಬಂತು. ಎರಡು ವರ್ಷ ಎಲ್ಲವೂ ಬರುತ್ತಿತ್ತು, ಕನ್ನಡ, ಮರಾಠಿ, ಹಿಂದಿ, ಯಾರೂ ನೋಡದ ಭೋಜಪುರಿ ಕೂಡ. 2019ರ ಫೆಬ್ರವರಿಯಿಂದ ಟ್ರಾಯ್‌ನ ಹೊಸ ನಿಯಮ ಬಂತಲ್ಲ, ನೆನಪಿರಬಹುದು. ಮೊದಲ ನೂರು ಚಾನೆಲ್ಲಿಗೆ 130 ರೂಪಾಯಿ ಮತ್ತು ತೆರಿಗೆ, ಆಮೇಲೆ ಬೇಕಾದ ಪೇ ಚಾನೆಲ್ಲುಗಳನ್ನು ನಾವೇ ಆರಿಸಿಕೊಂಡು ಅದರ ದುಡ್ಡು ಬೇರೆ ಕೊಡಬೇಕಿತ್ತು. ಅಪ್ಪ ಫೋನ್ ಮಾಡಿ, "ತಮ್ಮಾ, ಕೇಬಲ್ ಹುಡುಗ ಏನೋ ಫಾರ್ಮ್ ಕೊಟ್ಟಾನ. ಇದರಾಗ ಟಿಕ್ ಮಾಡ್ರಿ ಅಂತಾನ. ನನಗ ತಿಳೀವಲ್ದು, ನೀನ ನೋಡು" ಅಂದ.

ನಾನು ನೋಡಿದೆ. ಆಫೀಸಿನಲ್ಲಿ ಕಾಫಿ ಕುಡಿಯುತ್ತಾ, ಫಾರ್ಮಿನ ಫೋಟೋ ಫೋನಿನಲ್ಲಿ ದೊಡ್ಡದು ಮಾಡಿಕೊಂಡು, ಐದು ನಿಮಿಷದಲ್ಲಿ ಮುಗಿಸಿದೆ. ಕನ್ನಡದ ಪ್ಯಾಕ್ ಹೌದು. ಅವ್ವನಿಗೆ ಒಂದು ಭಕ್ತಿ ಚಾನೆಲ್ ಹೌದು. ಮರಾಠಿ ಪ್ಯಾಕ್? ಯಾಕೆ ಸುಮ್ಮನೆ ದುಡ್ಡು, ಬೇಡ. ಅಪ್ಪನನ್ನು ಕೇಳಬೇಕು ಅಂತ ಹೊಳೆಯಲೂ ಇಲ್ಲ. ಆಮೇಲೆ ಯುಗಾದಿಗೆ ಊರಿಗೆ ಹೋದಾಗ ಇನ್ನೊಂದು ಉಪಕಾರ ಮಾಡಿದೆ. ಡಬ್ಬಿಯಲ್ಲಿ ನೂರಾರು ನಂಬರುಗಳಿರುತ್ತವೆ, ಅಪ್ಪನಿಗೆ ಹುಡುಕಲು ಕಷ್ಟ ಅಂತ ಹನ್ನೆರಡು ಚಾನೆಲ್ಲುಗಳ ಒಂದು ಫೇವರಿಟ್ ಪಟ್ಟಿ ಮಾಡಿದೆ. ಟಿವಿ ಹಚ್ಚಿದರೆ ಅದೇ ಪಟ್ಟಿ ತೆರೆಯುವ ಹಾಗೆ ಇಟ್ಟೆ. "ಮ್ಯಾಲಿಂದು, ಕೆಳಗಿಂದು, ಎರಡ ಬಟನ್ ಒತ್ತು ಅಪ್ಪಾ. ಬ್ಯಾರೆ ಯಾವುದೂ ಮುಟ್ಟಬ್ಯಾಡ." ಅಪ್ಪ ನನ್ನ ಮಾತು ಚಾಚೂ ತಪ್ಪದೆ ಪಾಲಿಸಿದ.

ಹನ್ನೆರಡೂ ಕನ್ನಡ.

ಅದೇ ವರ್ಷ ಆಗಸ್ಟಿನಲ್ಲಿ ಏನಾಯಿತು ಅಂತ ನಿಮಗೆ ಗೊತ್ತು. ಬೆಂಗಳೂರಿನಲ್ಲಿ ನಾವು ಬಿಸ್ಕತ್ತು, ಚಾಪೆ, ಬೆಡ್‌ಶೀಟ್ ಕೂಡಿಸಿ ಲಾರಿ ತುಂಬಿ ಉತ್ತರ ಕರ್ನಾಟಕಕ್ಕೆ ಕಳಿಸಿದೆವಲ್ಲ, ಆ ಆಗಸ್ಟು. ಅಪ್ಪ ಅವ್ವ ಶಾಲೆಯ ಕೋಣೆಯಲ್ಲಿ ಒಂಬತ್ತು ದಿನ ಇದ್ದರು. ಫೋನಿನಲ್ಲಿ ಅಪ್ಪ ಹೇಳಿದ್ದು ಇಷ್ಟೇ: "ಎಲ್ಲಾರೂ ಅರಾಮ ಅದೇವಿ. ನೀರು ಹೊಕ್ಕಿತ್ತು, ಇಳದೇತಿ. ಗ್ವಾಡಿ ಹಸಿ ಅದ. ಎಮ್ಮಿ ಅದಾವು. ಕರ ಮಾರಿದ್ವಿ, ಮೇವಿಲ್ಲಂತ." ನಾನು ಒಂದು ವಾರ ರಜೆ ಹಾಕಿ ಹೋಗಿ ಮನೆಯೊಳಗಿನ ಕೆಸರು ತೆಗೆದೆ. ಆಯಿ ಹೊಲಿದ ಕೌದಿಗಳಿದ್ದ ಟ್ರಂಕು ಬಾಗಿಲು ತೆರೆಯುವ ಸ್ಥಿತಿಯಲ್ಲಿರಲಿಲ್ಲ. ಆಯಿ ಹೋಗಿ ಆಗ ಎರಡು ವರ್ಷವಾಗಿತ್ತು. ಟ್ರಂಕನ್ನು ಹಾಗೇ ಹಿತ್ತಲಿಗೆ ಎಳೆದು ಇಟ್ಟೆವು.

ಮುಂದಿನ ವರ್ಷ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಪಿಜಿಯಲ್ಲಿದ್ದು ಏನು ಮಾಡಲಿ ಅಂತ, ಪಾಸ್ ಸಿಕ್ಕ ತಕ್ಷಣ ಊರಿಗೆ ಹೋದೆ. ಲ್ಯಾಪ್‌ಟಾಪು, ಆಫೀಸಿನ ಯುಎಸ್‌ಬಿ ಟ್ಯೂನರು ಜೊತೆಗಿದ್ದವು. ಮಾಳಿಗೆಯ ಮೇಲೆ ನೆಟ್‌ವರ್ಕ್, ಕೆಳಗೆ ಕೇಬಲ್ಲು. ಒಂದು ಸಂಜೆ ಮನೆಯ ಕೇಬಲ್ ವೈರನ್ನೇ ಟ್ಯೂನರಿಗೆ ಸಿಕ್ಕಿಸಿ ಸ್ಟ್ರೀಮ್ ಹಿಡಿಯಲು ಕೂತೆ. ಆಫೀಸಿನ ಲ್ಯಾಬಿನಲ್ಲಿ ಸಿಗುವ ಸ್ಟ್ರೀಮುಗಳು ಸ್ನಾನ ಮಾಡಿ ಪೌಡರ್ ಹಚ್ಚಿಕೊಂಡು ಬಂದಿರುತ್ತವೆ, ನಿಜವಾದ ತಪ್ಪು ಸಿಗಬೇಕೆಂದರೆ ಊರಿನ ಕೇಬಲ್ಲೇ ಬೇಕು. ದುಡ್ಡು ಕೊಡದ ಚಾನೆಲ್ಲುಗಳ ಚಿತ್ರಕ್ಕೆ ಬೀಗ ಇರುತ್ತದೆ, ಆದರೆ ಟೇಬಲ್‌ಗಳಿಗೆ ಸಾಮಾನ್ಯವಾಗಿ ಬೀಗ ಇರುವುದಿಲ್ಲ. ಟಿಎಸ್‌ಡಕ್ ಅಂತ ಒಂದು ಉಚಿತ ತಂತ್ರಾಂಶ ಇದೆ, ಅದಕ್ಕೆ ಹಾಕಿದರೆ ಎಲ್ಲ ಟೇಬಲ್ಲನ್ನೂ ಬಿಡಿಸಿ ಸಾಲುಸಾಲಾಗಿ ಪರದೆಯ ಮೇಲೆ ಇಡುತ್ತದೆ.

ಅಪ್ಪ ಎಲೆಅಡಿಕೆ ಹಾಕಿಕೊಂಡು ಪಕ್ಕದಲ್ಲಿ ಬಂದು ಕೂತ. ಅವನಿಗೆ ನನ್ನ ಕೆಲಸ ತೋರಿಸಿದ್ದು ಅದೇ ಮೊದಲು.

"ಇವೆಲ್ಲಾ ಏನು?"

"ನಮ್ಮ ಡಬ್ಬ್ಯಾಗ ಏನೇನ್ ಬರ್ತೇತಿ, ಅದರ ಯಾದಿ."

ಯಾದಿ ಅಂದರೆ ಪಟ್ಟಿ, ನಮ್ಮ ಕಡೆಯ ಮಾತು. ಒಂದು ಕನ್ನಡ ಚಾನೆಲ್ಲಿನ ಧ್ವನಿಗೆ ಭಾಷೆ ಇಂಗ್ಲಿಷ್ ಅಂತ ಹಾಕಿದ್ದರು. ಇದು ನಾನು ದಿನಾ ನೋಡುವ ತಪ್ಪು. ಉಪಕರಣದಲ್ಲಿ ಮೊದಲೇ ಇದ್ದದ್ದನ್ನು ಯಾರೂ ಬದಲಿಸಿರುವುದಿಲ್ಲ. ಅಪ್ಪನಿಗೆ ಹೇಳಿದೆ. ಅವನು ನಕ್ಕು, "ಅಂದ್ರ ನಾವು ಇಷ್ಟ ದಿನಾ ಇಂಗ್ಲಿಷ ನೋಡಿದಂಗಾತು" ಅಂದ. ನಾನು ಒಂದೊಂದೇ ಹೆಸರು ಓದುತ್ತಾ ಕೆಳಗಿಳಿದೆ. ಚಂದನ ಬಂತು. ಸ್ವಲ್ಪ ಕೆಳಗೆ ಸಹ್ಯಾದ್ರಿ ಬಂತು. ಸಹ್ಯಾದ್ರಿ ದೂರದರ್ಶನದ ಮರಾಠಿ ಚಾನೆಲ್ಲು, ಚಂದನ ನಮಗೆ ಹೇಗೋ ಮರಾಠಿಯವರಿಗೆ ಅದು ಹಾಗೆ. ದೂರದರ್ಶನದ್ದಾದ್ದರಿಂದ ಅದಕ್ಕೆ ಬೇರೆ ದುಡ್ಡಿಲ್ಲ, ಯಾವ ಪ್ಯಾಕಿನ ಹಂಗೂ ಇಲ್ಲ.

ಅಪ್ಪ ಕೈ ತಡೆದ. "ಇದು ಸಹ್ಯಾದ್ರಿ ನಮ್ಮ ಡಬ್ಬ್ಯಾಗ ಐತೇನು?"

"ಹೂಂ. ಫ್ರೀ ಐತಿ."

"ಹೋದ ವರ್ಷಾನೂ ಇತ್ತೇನು?"

"ಮೊದಲಿಂದನೂ ಇತ್ತು ಅಪ್ಪಾ. ಯಾಕ?"

ಅಪ್ಪ ತುಸು ಹೊತ್ತು ಏನೂ ಅನ್ನಲಿಲ್ಲ. ಎದ್ದು ಹೋಗಿ ಎಲೆಯುಗುಳಿ ಬಂದ.

"ಮರಾಠಿ ಎಲ್ಲಾ ಬಂದ್ ಆಗೇತಿ ಅಂತ ತಿಳಕೊಂಡಿದ್ನೆಪಾ. ಮ್ಯಾಲ ಕೆಳಗ ಒತ್ತಿದ್ರ ಬರತಿರಲಿಲ್ಲ. ನೀ ಬ್ಯಾರೆ ಮುಟ್ಟಬ್ಯಾಡ ಅಂದಿದ್ದಿ."

ಆಮೇಲೆ ನಿಧಾನಕ್ಕೆ ಹೇಳಿದ. ಆ ವಾರ ಕನ್ನಡ ವಾರ್ತೆ ಹಚ್ಚಿದರೆ ಬೆಂಗಳೂರಿನ ಹೊಸ ಸರ್ಕಾರ, ಇಲ್ಲಾ ಕಾಶ್ಮೀರ. ನಮ್ಮ ಕಡೆಯ ನೀರಿನ ಸುದ್ದಿ ಬಂದರೂ "ಕೃಷ್ಣಾ ತೀರದಲ್ಲಿ ಪ್ರವಾಹ ಭೀತಿ" ಅಂತ ಒಂದು ಸಾಲು. ಭೀತಿ ಎಷ್ಟು ಅಡಿ ಅಂತ ಹೇಳುವವರಿಲ್ಲ. ಊರಲ್ಲಿ ಡಂಗುರ ಹೊಡೆದಿದ್ದರು, ಆದರೆ ಅದು ಪ್ರತಿ ವರ್ಷ ಹೊಡೆಯುತ್ತಾರೆ. ವಾಟ್ಸಾಪಿನಲ್ಲಿ ಅಣೆಕಟ್ಟು ಒಡೆಯಿತು ಅಂತ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು, ಅದನ್ನು ನಂಬುವುದು ಬಿಟ್ಟಿದ್ದರು. ಗೋಡೆಯ ಮೇಲೆ 2005ರ ನೀರಿನ ಗುರುತು ಇತ್ತು, ಅದು ದಾಟಲಿಕ್ಕಿಲ್ಲ ಅಂತ ಒಂದು ಧೈರ್ಯ. ಸಾಂಗ್ಲಿಯ ಅಡಿ ಗೊತ್ತಾಗಿದ್ದರೆ ಹಿಂದಿನ ಸಂಜೆಯೇ ಎಲ್ಲ ಸಾಗಿಸುತ್ತಿದ್ದ. ಗೊತ್ತಾಗಿದ್ದು ಮರುದಿನ ನಸುಕಿನಲ್ಲಿ, ಪಕ್ಕದ ಮನೆಯ ಕಾಕಾ ಬಾಗಿಲು ಬಡಿದಾಗ. ಅಷ್ಟೊತ್ತಿಗೆ ಕೊಟ್ಟಿಗೆಯಲ್ಲಿ ಮೊಣಕಾಲುಮಟ್ಟ ನೀರು. ಎಮ್ಮೆಗಳನ್ನು ಬಿಚ್ಚಿ ಹೊಡೆದ. ಕರು ಒಳಗಿನ ಗೂಟಕ್ಕೆ ಕಟ್ಟಿತ್ತು.

"ಕರ ಮಾರಿದ್ವಿ ಅಂದಿದ್ದೆಲ್ಲಾ?" ನಾನು ಕೇಳಿದೆ.

"ಮತ್ತೇನಂತ ಹೇಳ್ಲಿ? ನೀ ಅಲ್ಲಿ ಒಬ್ಬಾವ ಇರಾವ."

ಲ್ಯಾಪ್‌ಟಾಪಿನ ಪರದೆಯ ಮೇಲೆ ಸಹ್ಯಾದ್ರಿಯ ಸಾಲು ಹಾಗೇ ಇತ್ತು. ಸರ್ವೀಸ್ ನಂಬರು ಸರಿ ಇತ್ತು, ಚಿತ್ರದ ಪಿಐಡಿ, ಧ್ವನಿಯ ಪಿಐಡಿ ಸರಿ ಇದ್ದವು, ಹೆಸರು ಸರಿ ಇತ್ತು. ಬೀಗ ಇರಲಿಲ್ಲ. ಆ ಚಾನೆಲ್ಲು ನೀರು ಬಂದ ಆ ರಾತ್ರಿಯೂ ಪೊಟ್ಟಣ ಕಟ್ಟಿಕೊಂಡು ನಮ್ಮನೆ ವೈರಿನಲ್ಲಿ ಬರುತ್ತಿತ್ತು, ಡಬ್ಬಿಯವರೆಗೆ. ಅದರಲ್ಲಿ ಆ ಹೊತ್ತಿಗೆ ಸಾಂಗ್ಲಿಯ ಅಡಿ ಹೇಳಿದರೋ ಇಲ್ಲವೋ, ಹೇಳಿದ್ದರೂ ಅಪ್ಪ ಕರುವನ್ನು ಬಿಚ್ಚುತ್ತಿದ್ದನೋ ಇಲ್ಲವೋ, ಈಗ ಹೇಳುವುದು ಆಗದ ಮಾತು. ಆದರೆ ನೋಡುವ ದಾರಿಯನ್ನು ಮುಚ್ಚಿದ್ದು ಕೇಬಲ್ಲಿನವರಲ್ಲ, ಟ್ರಾಯ್ ಅಲ್ಲ, ಸರ್ಕಾರವಲ್ಲ. ಪ್ರೀತಿಯಿಂದ, ಅನುಕೂಲಕ್ಕೆ ಅಂತ, ಹನ್ನೆರಡು ಸಾಲಿನ ಪಟ್ಟಿ ಮಾಡಿಕೊಟ್ಟ ಮಗ.

"ನಿಂದೇನ್ ತಪ್ಪಿಲ್ಲ ಬಿಡು" ಅಂತ ಅಪ್ಪ ಎರಡು ಸಲ ಅಂದ. ಒಂದೇ ಸಲ ಅಂದಿದ್ದರೆ ನಂಬುತ್ತಿದ್ದೆನೇನೋ.

ಆ ರಾತ್ರಿ ಮಾಳಿಗೆಯ ಮೇಲೆ ಮಲಗಿದಾಗ ಒಂದು ಹಳೆಯ ಬಗ್ ನೆನಪಾಯಿತು. ನಮ್ಮ ಬಾಕ್ಸಿನಲ್ಲಿ ಮೊದಲ ಸಲ ಆನ್ ಮಾಡಿದಾಗ "ನಿಮ್ಮ ಭಾಷೆ ಯಾವುದು?" ಅಂತ ಕೇಳುವ ಒಂದು ಪರದೆ ಬರುತ್ತದೆ. ಒಂದನ್ನು ಒತ್ತಿದರೆ ಆ ಭಾಷೆಯ ಚಾನೆಲ್ಲುಗಳು ಮುಂದೆ ಬರುತ್ತವೆ, ಉಳಿದವು ಒಳಗಿನ ಮೆನುವಿಗೆ ಹೋಗುತ್ತವೆ. ಟೆಸ್ಟಿಂಗಿನ ಹುಡುಗಿಯೊಬ್ಬಳು, ಅವಳು ಹೊಸೂರಿನವಳು, "ಎರಡು ಭಾಷೆ ಆರಿಸಲು ಬರುತ್ತಿಲ್ಲ" ಅಂತ ಬಗ್ ಹಾಕಿದ್ದಳು. ಅದನ್ನು "ವಿನ್ಯಾಸವೇ ಹಾಗಿದೆ" ಅಂತ ಬರೆದು ಮುಚ್ಚಿದವನು ನಾನು. ಗಡಿಯಿಂದ ಬಂದವನು. ಸಂತೆಯಲ್ಲಿ ಒಂದು ವಾಕ್ಯದೊಳಗೆ ಎರಡು ಸಲ ಭಾಷೆ ಬದಲಿಸುವವನು. ಬೆಂಗಳೂರಿನಲ್ಲಿ ಆರು ವರ್ಷ ಇದ್ದು ನಾನೂ ಒಬ್ಬರಿಗೆ ಒಂದೇ ಭಾಷೆ ಅಂತ ನಂಬಿಬಿಟ್ಟಿದ್ದೆ.

ಡಿವಿಬಿ ನಿಯಮಗಳಲ್ಲಿ ಒಂದು ವಿಷಯ ಇದೆ. ಎಸ್‌ಡಿಟಿ ಟೇಬಲ್ಲಿನಲ್ಲಿ ಎರಡು ಬಗೆ. ಒಂದು ಈ ಸ್ಟ್ರೀಮಿನಲ್ಲೇ ಇರುವ ಚಾನೆಲ್ಲುಗಳದ್ದು, ಅದಕ್ಕೆ 'ಆ್ಯಕ್ಚುಅಲ್' ಅನ್ನುತ್ತಾರೆ. ಇನ್ನೊಂದು ಬೇರೆ ಸ್ಟ್ರೀಮುಗಳಲ್ಲಿ ಏನಿದೆ ಅಂತ ಹೇಳುವುದು, ಅದಕ್ಕೆ 'ಅದರ್'. ಮೊದಲನೆಯದು ಕಡ್ಡಾಯ, ಎರಡನೆಯದು ಇಷ್ಟವಿದ್ದರೆ. ಎಷ್ಟೋ ವರ್ಷ ಇದನ್ನು ಓದಿದ್ದೆ, ಏನೂ ಅನ್ನಿಸಿರಲಿಲ್ಲ. ಈಗ ಓದುವಾಗ ಅನ್ನಿಸುತ್ತದೆ: ನದಿ ದಂಡೆಯಲ್ಲಿ ಇರುವವರಿಗೆ 'ಅದರ್' ಕೂಡ ಕಡ್ಡಾಯವೇ. ಮೇಲಿನವರ ಸುದ್ದಿ ಅವರ ಭಾಷೆಯಲ್ಲಿ ಗೊತ್ತಾಗದಿದ್ದರೆ ನಮ್ಮ ಭಾಷೆಯಲ್ಲಿ ನೀರು ಬರುತ್ತದೆ.

ಬೆಂಗಳೂರಿಗೆ ವಾಪಸಾದ ಮೇಲೆ ಆ ಬಗ್ಗನ್ನು ಮತ್ತೆ ತೆರೆದೆ. ಟೀಮಿನಲ್ಲಿ ಎರಡು ತಿಂಗಳು ವಾದ ನಡೆಯಿತು. "ಎಷ್ಟು ಜನಕ್ಕೆ ಬೇಕಾಗುತ್ತೆ ಇದು?" ಅಂತ ಮ್ಯಾನೇಜರ್ ಕೇಳಿದರು. ಅಂಕಿ ನನ್ನ ಹತ್ತಿರ ಇರಲಿಲ್ಲ. ಬೀದರ್, ಬಳ್ಳಾರಿ, ಕೋಲಾರ, ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟ ಅಂತ ಊರಿನ ಹೆಸರು ಹೇಳುತ್ತಾ ಹೋದೆ. ಕೊನೆಗೆ ಮೂರು ಸ್ಪ್ರಿಂಟ್ ಮುಂದಕ್ಕೆ ಹೋಗಿ, ಒಂದು ಸಣ್ಣ ಬದಲಾವಣೆಯಾಗಿ ಅದು ಬಂತು. ಈಗ ಆ ಪರದೆಯಲ್ಲಿ ಎಷ್ಟು ಭಾಷೆ ಬೇಕಾದರೂ ಟಿಕ್ ಮಾಡಬಹುದು. ಹೊಸೂರಿನ ಹುಡುಗಿಗೆ ಹೇಳಿದೆ. "ಆಗಲೇ ಹೇಳಿದ್ನಲ್ಲ" ಅಂದಳು, ಅಷ್ಟೇ.

ಊರಿನ ಡಬ್ಬಿಯಲ್ಲಿ ನನ್ನ ಫೇವರಿಟ್ ಪಟ್ಟಿಯನ್ನು ಅಳಿಸಿ ಹಾಕಿದೆ. ಹೊಸದನ್ನು ನಾನು ಮಾಡಲಿಲ್ಲ. ಹೇಗೆ ಮಾಡುವುದು ಅಂತ ಅಪ್ಪನಿಗೆ ತೋರಿಸಿದೆ. ಇದಕ್ಕೆ ಎರಡು ಸಂಜೆ ಬೇಕಾಯಿತು. ಮೂರನೇ ಸಂಜೆ ಅವನೇ ಮಾಡಿಕೊಂಡಿದ್ದ. ಮೊದಲನೆಯದು ಚಂದನ, ಎರಡನೆಯದು ಸಹ್ಯಾದ್ರಿ, ಮೂರನೆಯದು ಅವ್ವನ ಭಕ್ತಿ ಚಾನೆಲ್ಲು. ಕೇಬಲ್ ಹುಡುಗನಿಗೆ ಹೇಳಿ ಒಂದು ಮರಾಠಿ ವಾರ್ತೆಯ ಚಾನೆಲ್ಲನ್ನೂ ಹಾಕಿಸಿಕೊಂಡ. ಭೋಜಪುರಿ ಯಾಕೆ ಸೇರಿಸಿಕೊಂಡ ಅಂತ ನಾನು ಕೇಳಲಿಲ್ಲ.

2021ರ ಜುಲೈನಲ್ಲಿ ಘಟ್ಟದಲ್ಲಿ ಮತ್ತೆ ಹುಚ್ಚುಮಳೆ. ಒಂದು ರಾತ್ರಿ ಹತ್ತೂವರೆಗೆ ಅಪ್ಪನ ಫೋನು ಬಂತು. ಅವನು ಆ ಹೊತ್ತಿಗೆ ಫೋನ್ ಮಾಡುವವನಲ್ಲ. ಎದೆ ಹೊಡೆದುಕೊಳ್ಳುತ್ತಾ ಎತ್ತಿದೆ. ಹಿಂದೆ ಎಮ್ಮೆ ಕೂಗುತ್ತಿದ್ದುದು ಕೇಳಿಸುತ್ತಿತ್ತು, ಯಾರೋ ಟ್ರ್ಯಾಕ್ಟರ್ ಚಾಲೂ ಮಾಡುತ್ತಿದ್ದರು.

"ತಮ್ಮಾ, ದನ ಎಲ್ಲಾ ಶಾಳಿ ಕಡೆ ಹೊಡದೇನಿ. ಕರಾನೂ ಬಿಚ್ಚೇನಿ. ನೀ ಕಾಳಜಿ ಮಾಡಬ್ಯಾಡ."

"ನೀರು ಬಂತೇನು ಅಪ್ಪಾ?"

"ಇಲ್ಲೋ, ಇಲ್ಲಿನ್ನೂ ಬಂದಿಲ್ಲ. ಸಾಂಗ್ಲ್ಯಾಗ ಏರಾಕತ್ತೇತಿ. ಈಗ ತೋರಿಸಿದ್ರು."